ಅಪಕ್ವತೆಯೆಂಬ ಅನುಕೂಲ

ನಮ್ಮ ಕಾಲೇಜಿನ ಕನ್ನಡ ಬಿ.ಎ. ವಿದ್ಯಾರ್ಥಿಗಳಿಗೆ ಒಂದು ಹೊಸ ಐಚ್ಛಿಕ ಪತ್ರಿಕೆಯನ್ನು ಇಡಬೇಕೆಂಬ ಆಲೋಚನೆ ನಡೆದಿದೆ. ಹಳೆಯ ಕಾವ್ಯಗಳಿಗೆ ಪದಸೂಚಿ ತಯಾರಿಸುವುದು, ಪದ್ಯಗಳ ಗಣ ವಿಂಗಡಿಸುವುದು, ಪಾಠಾಂತರಗಳನ್ನು ಹೋಲಿಸುವುದು ಇಂಥ ಕೆಲಸಗಳನ್ನು ಕಂಪ್ಯೂಟರಿನ ನೆರವಿನಿಂದ ಮಾಡಲು ಕಲಿಸುವ ಪತ್ರಿಕೆ. ಅದಕ್ಕೆ ಯಾವ ಪ್ರೋಗ್ರಾಮಿಂಗ್ ಭಾಷೆಯನ್ನು ಆರಿಸಿಕೊಳ್ಳಬೇಕೆಂಬ ಚರ್ಚೆ ಬಂದಾಗ ಕಂಪ್ಯೂಟರ್ ವಿಭಾಗದ ಕಿರಿಯ ಮಿತ್ರರೊಬ್ಬರು ತೀರ ಇತ್ತೀಚಿನ ಒಂದು ಭಾಷೆಯ ಹೆಸರು ಹೇಳಿದರು. "ಅದು ನೆಲೆನಿಂತ ಭಾಷೆಯೇ?" ಎಂದು ಕೇಳಿದೆ. "ಇನ್ನೂ ಪೂರ್ತಿ ಪಕ್ವವಾಗಿಲ್ಲ ಸರ್. ನಮ್ಮ ಹುಡುಗರು ಹೊರಗೆ ಬರುವ ಹೊತ್ತಿಗೆ ಆಗಿರುತ್ತದೆ" ಎಂದರು. ಅಲ್ಲಿದ್ದವರೆಲ್ಲ ತಲೆದೂಗಿದರು. ನಾನು ತೂಗಲಿಲ್ಲ. ಅಂದು ಹೊತ್ತು ಸಾಲದೆ ನಾಲಗೆಯ ತುದಿಯಲ್ಲೇ ಉಳಿದ ಮಾತನ್ನು ಇಲ್ಲಿ ಹೇಳುತ್ತೇನೆ.

ಮಿತ್ರರ ಮಾತಿನಲ್ಲಿ ಅಡಗಿರುವ ಉಪಮಾನವನ್ನು ವಾಚಕರು ಗಮನಿಸಬೇಕು. ಭಾಷೆಯೆಂದರೆ ಮಾವಿನಕಾಯಿ, ಹುಲ್ಲಿನಲ್ಲಿಟ್ಟು ಕಾದರೆ ತಾನಾಗಿ ಹಣ್ಣಾಗುತ್ತದೆ ಎಂಬುದು ಅದರ ಅಭಿಪ್ರಾಯ. ಇದು ತಪ್ಪು. ಪ್ರೋಗ್ರಾಮಿಂಗ್ ಭಾಷೆ ಯಾವುದೂ ತಾನಾಗಿ ಹಣ್ಣಾದುದಿಲ್ಲ. ಯಾವುದೋ ಒಂದು ದಿನ ಅದನ್ನು ಕಟ್ಟಿದವರು ಕುಳಿತು, "ಇನ್ನು ಮುಂದೆ ಹೀಗೆಯೇ" ಎಂದು ನಿರ್ಧರಿಸಬೇಕು. ಆ ನಿರ್ಧಾರ ಕಷ್ಟದ್ದು. ಅದನ್ನು ಮುಂದೂಡುವುದರಲ್ಲಿ ಬಹಳ ಸುಖವಿದೆ. ಆ ಸುಖಕ್ಕೆ ನಾವು ಮರ್ಯಾದೆಯ ಹೆಸರು ಕೊಟ್ಟು "ಅದು ಇನ್ನೂ ಬೆಳೆಯುತ್ತಿದೆ" ಎನ್ನುತ್ತೇವೆ.

ಈ ಲೋಕದ ಪರಿಚಯವಿಲ್ಲದವರಿಗೆ ಒಂದು ಮಾತು. ತಂತ್ರಾಂಶ ಕಟ್ಟುವವರಲ್ಲಿ ಪ್ರತಿಯೊಂದು ಬಿಡುಗಡೆಗೂ ಒಂದು ಸಂಖ್ಯೆ ಕೊಡುವ ವಾಡಿಕೆ ಇದೆ. 0.3, 0.9 ಹೀಗೆ ಸೊನ್ನೆಯಿಂದ ತೊಡಗುವ ಸಂಖ್ಯೆ ಕಂಡರೆ, "ನಾಳೆ ಇದನ್ನು ಬದಲಿಸಿದರೆ ನಮ್ಮನ್ನು ಕೇಳಬೇಡಿ" ಎಂದು ಅರ್ಥ. 1.0 ಎಂಬುದು ಬಂದ ದಿನ ಭಾಷೆಗೆ ಪ್ರಾಯ ಬಂದಂತೆ. ಹೊಸ ಆವೃತ್ತಿ ಬಂದಾಗ ನೀವು ಹಿಂದೆ ಬರೆದ ಪ್ರೋಗ್ರಾಮು ಮೊದಲಿನಂತೆ ನಡೆಯುತ್ತದೆಯೋ, ಇಲ್ಲ ತಟಸ್ಥವಾಗಿ ನಿಂತುಬಿಡುತ್ತದೆಯೋ ಎಂಬುದೇ ಇಲ್ಲಿರುವ ಪ್ರಶ್ನೆ. ಉಳಿದದ್ದೆಲ್ಲ ಅಲಂಕಾರ.

ಪಕ್ವತೆಯೆಂದರೆ ಪೂರ್ಣತೆ ಎಂದು ತಿಳಿದವರು ಬಹಳ ಜನ. ಭಾಷೆಯಲ್ಲಿ ಇರಬೇಕಾದುದೆಲ್ಲ ಬಂದಮೇಲೆ 1.0 ಎನ್ನಬಹುದು, ಅಲ್ಲಿಯವರೆಗೆ ಕಾಯತಕ್ಕದ್ದು ಎಂಬುದು ಅವರ ಮತ. ಇದನ್ನು ಸುಳ್ಳುಮಾಡುವ ಉದಾಹರಣೆಗಳು ನಮ್ಮ ಕಣ್ಣೆದುರಿಗೇ ಇವೆ. 2009ರ ನವೆಂಬರಿನಲ್ಲಿ ಗೂಗಲ್ ಸಂಸ್ಥೆಯವರು 'ಗೋ' ಎಂಬ ಭಾಷೆಯನ್ನು ಲೋಕಕ್ಕೆ ತೋರಿಸಿದರು. 2012ರ ಮಾರ್ಚ್ ತಿಂಗಳಲ್ಲಿ ಅದರ ಮೊದಲ ನೆಲೆನಿಂತ ಬಿಡುಗಡೆ ಬಂತು. ಜೊತೆಗೆ ಒಂದು ಲಿಖಿತ ವಾಗ್ದಾನವೂ ಬಂತು: ಈ ನಿಯಮಕ್ಕೆ ಹೊಂದಿ ಬರೆದ ಪ್ರೋಗ್ರಾಮು 1ನೆಯ ಸಾಲಿನ ಮುಂದಿನ ಬಿಡುಗಡೆಗಳಲ್ಲಿಯೂ ನಡೆಯತಕ್ಕದ್ದು. ಆಗ ಆ ಭಾಷೆ ಪೂರ್ಣವಾಗಿತ್ತೇ? ಒಂದೇ ವಿಧಾನವನ್ನು ನಾನಾ ಬಗೆಯ ದತ್ತಗಳಿಗೆ ಅನ್ವಯಿಸುವಂತೆ ಬರೆಯುವ ಸೌಕರ್ಯ, ಅವರ ಪರಿಭಾಷೆಯಲ್ಲಿ 'ಜೆನೆರಿಕ್ಸ್' ಎಂಬುದು, ಇರಲೇ ಇಲ್ಲ. ಅದು ಬಂದುದು 2022ರ ಮಾರ್ಚ್‌ನಲ್ಲಿ, ಸರಿಯಾಗಿ ಹತ್ತು ವರ್ಷ ಕಳೆದಮೇಲೆ. ಆ ಹತ್ತು ವರ್ಷ ಜನ ಗೊಣಗಿದರು, ಹಾಸ್ಯ ಮಾಡಿದರು, ಆದರೆ ಬರೆದರು. ಬರೆದುದು ಉಳಿಯಿತು.

'ರಸ್ಟ್' ಎಂಬ ಭಾಷೆಯ ಕಥೆ ಇದಕ್ಕಿಂತ ಸ್ವಾರಸ್ಯವಾದುದು. ಗ್ರೇಡನ್ ಹೋರ್ ಎಂಬುವರು 2006ರಲ್ಲಿ ತಮ್ಮ ಬಿಡುವಿನ ವೇಳೆಯಲ್ಲಿ ತೊಡಗಿದ ಕೆಲಸ. ಆಮೇಲೆ ಮೊಜಿಲ್ಲಾ ಸಂಸ್ಥೆ ಅದಕ್ಕೆ ಆಶ್ರಯ ಕೊಟ್ಟಿತು. 2012ರಲ್ಲಿ 0.1 ಬಂತು. ಅಲ್ಲಿಂದ ಮೂರು ವರ್ಷ ಆ ಭಾಷೆಯನ್ನು ನಂಬಿದವರ ಪಾಡು ಹೇಳತೀರದು. ಇವತ್ತು ಇದ್ದ ಚಿಹ್ನೆ ಮುಂದಿನ ತಿಂಗಳು ಇಲ್ಲ. ಭಾಷೆಯ ಬೆನ್ನೆಲುಬು ಎಂದುಕೊಂಡಿದ್ದ ವ್ಯವಸ್ಥೆಗಳನ್ನೇ ಕಿತ್ತು ಹೊರಗೆ ಹಾಕಿದರು. 2015ರ ಮೇ 15ರಂದು 1.0 ಎಂದರು. ಅಂದಿನಿಂದ ಆರಾರು ವಾರಕ್ಕೊಮ್ಮೆ ಹೊಸ ಬಿಡುಗಡೆ ಬರುತ್ತಿದ್ದರೂ ಹಳೆಯ ಪ್ರೋಗ್ರಾಮುಗಳು ನಡೆಯುತ್ತಲೇ ಇವೆ. ಬಿಡುಗಡೆಗೆ ಮುಂಚೆ ಇತರರು ಬರೆದು ಪ್ರಕಟಿಸಿರುವ ಸಾವಿರಾರು ಪ್ರೋಗ್ರಾಮುಗಳನ್ನು ಹೊಸ ಕಂಪೈಲರಿನಲ್ಲಿ ಹಾಯಿಸಿ, ಯಾವುದಾದರೂ ಮುರಿಯಿತೇ ಎಂದು ನೋಡುವ ಏರ್ಪಾಡೂ ಅವರಲ್ಲಿದೆ. ಆ ಭಾಷೆಯವರು ಈಗ ಹೆಮ್ಮೆಯಿಂದ ತೋರಿಸುವ 'ಎಸಿಂಕ್–ಅವೇಟ್' ಎಂಬ ಸೌಕರ್ಯ ಬಂದುದು 2019ರ ನವೆಂಬರಿನಲ್ಲಿ. ಎಂದರೆ 1.0 ಎಂದ ದಿನ ಮನೆಯಲ್ಲಿ ಎಷ್ಟೋ ಕೋಣೆಗಳನ್ನು ಕಟ್ಟಿರಲಿಲ್ಲ. ತಳಪಾಯವನ್ನು ಮಾತ್ರ ಇನ್ನು ಅಗೆಯುವುದಿಲ್ಲವೆಂದು ಮಾತು ಕೊಟ್ಟಿದ್ದರು.

ಪೂರ್ಣತೆಗಾಗಿ ಕಾದವರಿಗೆ ಏನಾಯಿತು ಎಂಬುದನ್ನೂ ಹೇಳಬೇಕು. ಇದು ದುಃಖದ ಕಥೆ. ನನಗೆ ಆ ಭಾಷೆಯ ಮೇಲೆ ಪಕ್ಷಪಾತವೂ ಇರುವುದರಿಂದ ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ.

ಲ್ಯಾರಿ ವಾಲ್ ಎಂಬುವರು ಭಾಷಾಶಾಸ್ತ್ರವನ್ನು ಓದಿದವರು. 1987ರಲ್ಲಿ ಅವರು ರಚಿಸಿದ 'ಪರ್ಲ್' ಎಂಬ ಭಾಷೆ ಪಠ್ಯವನ್ನು ಸೋಸುವುದಕ್ಕೆ, ಹುಡುಕುವುದಕ್ಕೆ, ತಿದ್ದುವುದಕ್ಕೆ ಹೇಳಿ ಮಾಡಿಸಿದಂತಿತ್ತು. 1994ರ ಅದರ ಐದನೆಯ ಆವೃತ್ತಿ ಲೋಕವಿಖ್ಯಾತವಾಯಿತು. 2000ದ ಜುಲೈ ತಿಂಗಳಲ್ಲಿ ಕ್ಯಾಲಿಫೋರ್ನಿಯದ ಮಾಂಟೆರೆಯಲ್ಲಿ ಸಮ್ಮೇಳನ ಕೂಡಿದಾಗ, ಭಾಷೆಗೆ ಜಡ್ಡು ಹಿಡಿದಿದೆ, ಏನಾದರೂ ಮಾಡಬೇಕು ಎಂದು ಜಾನ್ ಓರ್ವಾಂಟ್ ಎಂಬುವರು ಕಾಫಿ ಕುಡಿಯುವ ಬಟ್ಟಲುಗಳನ್ನು ಗೋಡೆಗೆ ಎಸೆದರಂತೆ. (ನಮ್ಮ ಸಾಹಿತ್ಯ ಸಮ್ಮೇಳನಗಳಲ್ಲಿ ಇಷ್ಟು ಕಳಕಳಿ ಕಂಡದ್ದು ನನಗೆ ನೆನಪಿಲ್ಲ.) ಆ ಬಟ್ಟಲುಗಳ ಸದ್ದಿನಿಂದ ಆರನೆಯ ಪರ್ಲ್ ಹುಟ್ಟಿತು, ಹುಟ್ಟಿತು ಎನ್ನುವುದಕ್ಕಿಂತ ಹುಟ್ಟುವುದೆಂದು ಸಾರಲಾಯಿತು. ಏನೇನು ಬೇಕೆಂದು ಜನರನ್ನು ಕೇಳಿದರು. 361 ಸಲಹಾಪತ್ರಗಳು ಬಂದವು. ವಾಲ್ ಅವರು ಅವನ್ನು ಒಂದೊಂದಾಗಿ ಪರಿಶೀಲಿಸಿ ದೀರ್ಘವಾದ ಭಾಷ್ಯಗಳನ್ನು ಬರೆಯತೊಡಗಿದರು.

ವರ್ಷಗಳು ಕಳೆದವು. ಎಂದು ಬರುತ್ತದೆ ಎಂದು ಕೇಳಿದವರಿಗೆ ಅವರು ಕೊಡುತ್ತಿದ್ದ ಉತ್ತರ ಒಂದು ಗಾದೆಯೇ ಆಯಿತು: ಕ್ರಿಸ್ಮಸ್ ಹೊತ್ತಿಗೆ ಬರುತ್ತದೆ, ಯಾವ ವರ್ಷದ ಕ್ರಿಸ್ಮಸ್ ಎಂದು ಮಾತ್ರ ಕೇಳಬೇಡಿ. 2005ರಲ್ಲಿ ಆಡ್ರಿ ಟ್ಯಾಂಗ್ 'ಪಗ್ಸ್' ಎಂಬ ಹೆಸರಿನಲ್ಲಿ ಹ್ಯಾಸ್ಕೆಲ್ ಭಾಷೆಯಲ್ಲಿ ಅದನ್ನು ಕಟ್ಟಿ ತೋರಿಸಿದಾಗ ಎಲ್ಲರಿಗೂ ಜೀವ ಬಂದಂತಾಯಿತು. ಅದೂ ಕೊನೆ ಮುಟ್ಟಲಿಲ್ಲ. 2010ರ ಜುಲೈಯಲ್ಲಿ 'ರಾಕುಡೊ ಸ್ಟಾರ್' ಎಂಬುದನ್ನು ಹೊರತಂದು, ಇದು ಉತ್ಸಾಹಿಗಳಿಗೆ ಮಾತ್ರ ಎಂದರು. ನಡುನಡುವೆ ಹೊಸ ಹೊಸ ವಿಚಾರಗಳು ಹೊಳೆಯುತ್ತಿದ್ದವು. ಹೊಳೆದುದೆಲ್ಲ ಒಳ್ಳೆಯ ವಿಚಾರವೇ. ಒಳ್ಳೆಯ ವಿಚಾರವಾದುದರಿಂದ ಬಿಡುವುದಕ್ಕೆ ಮನಸ್ಸು ಬರುತ್ತಿರಲಿಲ್ಲ. ಹೀಗೆ ಹದಿನೈದು ವರ್ಷ! ಒಂದು ಪೀಳಿಗೆಯ ವಿದ್ಯಾರ್ಥಿಗಳು ಶಾಲೆಗೆ ಸೇರಿ ಕಾಲೇಜು ಮುಗಿಸುವಷ್ಟು ಕಾಲ. ಅಷ್ಟರಲ್ಲಿ ಜನ ಪೈಥಾನ್, ರೂಬಿ ಮುಂತಾದ ಭಾಷೆಗಳ ಜಗಲಿಯಲ್ಲಿ ಕುಳಿತು ಊಟ ಮುಗಿಸಿ ಎದ್ದುಹೋಗಿದ್ದರು.

ಕೊನೆಗೆ 2015ರ ಡಿಸೆಂಬರ್ 25ರಂದು, ಕ್ರಿಸ್ಮಸ್ ದಿನವೇ, ಭಾಷೆ ಬಂತು. ಆ ಆವೃತ್ತಿಗೆ 6.ಸಿ ಎಂದು ಹೆಸರು. ಸಿ ಎಂದರೆ ಕ್ರಿಸ್ಮಸ್. 2018ರ ನವೆಂಬರಿನಲ್ಲಿ ಬಂದ ಮುಂದಿನ ಆವೃತ್ತಿ 6.ಡಿ, ಡಿ ಎಂದರೆ ನಮ್ಮ ದೀಪಾವಳಿ. ಆದರೆ ಆಗ ಅದನ್ನು ಬರಮಾಡಿಕೊಳ್ಳುವುದಕ್ಕೆ ಬಾಗಿಲಲ್ಲಿ ನಿಂತವರು ಎಷ್ಟು ಮಂದಿ? 2019ರ ಅಕ್ಟೋಬರಿನಲ್ಲಿ ಆ ಭಾಷೆ ತನ್ನ ಹೆಸರನ್ನೇ ಬಿಟ್ಟು 'ರಾಕು' ಎಂದಾಯಿತು.

ಇಷ್ಟು ಹೇಳಿದಮೇಲೆ ಅವರಿಗೆ ಸಲ್ಲಬೇಕಾದ ಗೌರವವನ್ನೂ ಸಲ್ಲಿಸಬೇಕು. ಪಕ್ವತೆಯನ್ನು ನಿರ್ಧರಿಸುವುದಕ್ಕೆ ಅವರು ಕಂಡುಕೊಂಡ ಮಾರ್ಗ ನನಗೆ ತಿಳಿದವುಗಳಲ್ಲೆಲ್ಲ ಪ್ರಾಮಾಣಿಕವಾದುದು. ಯಾವುದು ಆ ಭಾಷೆ? ವಾಲ್ ಅವರು ಹೇಳಿದುದಲ್ಲ, ಒಂದು ನಿರ್ದಿಷ್ಟ ಕಂಪೈಲರು ಮಾಡಿದುದೂ ಅಲ್ಲ. ಎಲ್ಲರಿಗೂ ತೆರೆದಿಟ್ಟ ಪರೀಕ್ಷೆಗಳ ಒಂದು ಕಟ್ಟು ಇದೆ. ಅದರಲ್ಲಿ ಉತ್ತೀರ್ಣವಾದುದು ಯಾವುದೋ ಅದೇ ಆ ಭಾಷೆ. ಬಿಡುಗಡೆಯ ದಿನ ಆ ಕಟ್ಟಿಗೆ ಮುದ್ರೆ ಒತ್ತಿ ಬದಲಾಗದಂತೆ ಇಟ್ಟರು. ತಾವು ಕಟ್ಟಿದ ಭಾಷೆಯನ್ನು ತಾವೇ ಮನಸ್ಸು ಬಂದಂತೆ ಬದಲಿಸುವ ಅಧಿಕಾರವನ್ನು ಅಂದು ತಮ್ಮ ಕೈಯಿಂದ ಹೊರಗೆ ಇಟ್ಟರು ಎಂದು ಅರ್ಥ. ನಾನು ಪಕ್ವತೆ ಎನ್ನುವುದು ಇದನ್ನೇ. ಇದನ್ನು 2005ರಲ್ಲಿ, ಅರ್ಧ ಸಾಮಗ್ರಿಯೊಂದಿಗೆ ಮಾಡಿದ್ದರೆ ಇವತ್ತು ನಾನು ಸಭೆಯಲ್ಲಿ ರಾಕುವಿನ ಹೆಸರನ್ನು ಹೇಳಲು ಸಂಕೋಚಪಡಬೇಕಾಗಿರಲಿಲ್ಲ.

ಬರಿಯ ಕಾಗದದ ನಿಯಮ ಸಾಲದೆಂಬುದೂ ನಿಜ. ಅಮೆರಿಕದ ರಕ್ಷಣಾ ಇಲಾಖೆಯವರು ಮಾಡಿಸಿದ 'ಏಡಾ' ಭಾಷೆಗೆ 1983ರಲ್ಲಿ ರಾಷ್ಟ್ರೀಯ ಪ್ರಮಾಣದ ಮುದ್ರೆ ಬಿತ್ತು. ಪರೀಕ್ಷೆಗಳ ಕಟ್ಟೂ ಸಿದ್ಧವಾಗಿತ್ತು. ಅದನ್ನು ಮೊದಲು ಗೆದ್ದುದು ನ್ಯೂಯಾರ್ಕ್ ವಿಶ್ವವಿದ್ಯಾನಿಲಯದಲ್ಲಿ ರಚಿತವಾದ ಒಂದು ಭಾಷಾಂತರಕ. ಅದು ಎಷ್ಟು ನಿಧಾನವೆಂದರೆ ದಿನಬಳಕೆಗೆ ಯಾರೂ ಅದನ್ನು ಮುಟ್ಟುವಂತಿರಲಿಲ್ಲ. ಶಾಸ್ತ್ರ ಪಕ್ವ, ಪ್ರಯೋಗ ಎಳಸು. ಎರಡೂ ಬೇಕು.

ಇನ್ನು ಅವಸರದವರ ಪಾಪ. 2014ರ ಸೆಪ್ಟೆಂಬರಿನಲ್ಲಿ ಆಪಲ್ ಸಂಸ್ಥೆಯ 'ಸ್ವಿಫ್ಟ್' ಭಾಷೆ 1.0 ಎಂಬ ಕಿರೀಟವಿಟ್ಟುಕೊಂಡೇ ರಂಗಕ್ಕೆ ಬಂತು. ಮರುವರ್ಷ 2, ಅದರ ಮರುವರ್ಷ 3. ಮೂರನೆಯದು ಬಂದಾಗ ಹಳೆಯ ಹೆಸರುಗಳ ರಾಶಿಯೇ ಬದಲಾಗಿ, ಹಿಂದಿನ ಪ್ರೋಗ್ರಾಮುಗಳು ತಿದ್ದದೆ ನಡೆಯದಾದವು. ಪುಸ್ತಕ ಕೊಂಡವರು ಮತ್ತೆ ಪುಸ್ತಕ ಕೊಳ್ಳಬೇಕಾಯಿತು. ಯಂತ್ರಸಂಕೇತದ ಮಟ್ಟದ ಸ್ಥಿರತೆ ಬಂದುದು 2019ರ ಮಾರ್ಚ್‌ನಲ್ಲಿ, ಐದನೆಯ ಆವೃತ್ತಿಯಲ್ಲಿ. ಸಂಖ್ಯೆ ಒಂದು ದಾಟಿದ ಮಾತ್ರಕ್ಕೆ ಮಾತು ಕೊಟ್ಟಂತಾಗಲಿಲ್ಲ. ಸೊನ್ನೆಯಲ್ಲಿ ಉಳಿದು, "ನಾವು ಮಾತು ಕೊಟ್ಟಿಲ್ಲ" ಎಂದು ಬಾಯಿಬಿಟ್ಟು ಹೇಳುವವರೇ ಇದಕ್ಕಿಂತ ಸಭ್ಯರು. 2016ರಲ್ಲಿ ಹೊರಬಂದ 'ಜಿಗ್' ಭಾಷೆಗೆ 2025ರಲ್ಲಿ ಬಂದ ಬಿಡುಗಡೆಯ ಸಂಖ್ಯೆ 0.15. ಅದನ್ನು ಕಟ್ಟುವವರು ಮುಚ್ಚುಮರೆಯಿಲ್ಲದೆ ಹೇಳಿಕೊಳ್ಳುತ್ತಾರೆ. ಅವರ ಮೇಲೆ ನನ್ನ ಜಗಳವಿಲ್ಲ. ಹೇಳಿದರೂ ಕೇಳಿಸಿಕೊಳ್ಳದೆ ಅಂಥ ಭಾಷೆಯನ್ನು ಹಳ್ಳಿಯಿಂದ ಬಂದ ಹುಡುಗಿಯ ಪಠ್ಯಕ್ರಮದಲ್ಲಿ ತುರುಕುವವರ ಮೇಲೆ ನನ್ನ ಜಗಳ.

ಇಲ್ಲಿ ಒಂದು ಪೂರ್ವಪಕ್ಷ ಬರುತ್ತದೆ. ಅದನ್ನು ಎತ್ತುವವರು ಹೆಚ್ಚಾಗಿ ನನ್ನ ವಿಭಾಗದವರೇ. "ಭಾಷೆಗೆ ಪಕ್ವತೆಯ ದಿನವನ್ನು ಗೊತ್ತುಮಾಡುವುದು ಎಂಥದಯ್ಯ? ಕನ್ನಡಕ್ಕೆ ಯಾರು ಗೊತ್ತುಮಾಡಿದರು? ಪಂಪ 941ರಲ್ಲಿ ಕಾವ್ಯ ಬರೆದ. ಕೇಶಿರಾಜ ವ್ಯಾಕರಣ ಬರೆದುದು ಹದಿಮೂರನೆಯ ಶತಮಾನದಲ್ಲಿ. ಬಳಸುತ್ತ ಬಳಸುತ್ತ ಭಾಷೆ ಪಕ್ವವಾಗುತ್ತದೆ" ಎನ್ನುತ್ತಾರೆ. ಕೇಳುವುದಕ್ಕೆ ಸೊಗಸಾಗಿದೆ. ಆದರೆ ಕನ್ನಡಕ್ಕೆ ಯಜಮಾನನಿಲ್ಲ. ಒಂದು ಬೆಳಗ್ಗೆ ಎದ್ದು, "ಇವತ್ತಿನಿಂದ ಸಪ್ತಮೀ ವಿಭಕ್ತಿ ಇಲ್ಲ" ಎಂದು ಆಜ್ಞೆ ಮಾಡುವ ಶಕ್ತಿ ಯಾರಿಗೂ ಇಲ್ಲ. ಱಕಾರ, ೞಕಾರಗಳು ನಮ್ಮ ಬಾಯಿಂದ ಜಾರಿಹೋಗುವುದಕ್ಕೆ ತಲೆಮಾರುಗಳು ಬೇಕಾದವು. ಜಾರಿಹೋದಮೇಲೂ ಪಂಪನನ್ನು ಓದುತ್ತೇವೆ. ತರಗತಿಯಲ್ಲಿ ಒಬ್ಬ ಮೇಷ್ಟರು ಇರುತ್ತಾನೆ, ಕೈಯಲ್ಲಿ ಟೀಕೆ ಇರುತ್ತದೆ. ಅರ್ಧ ಅರ್ಥವಾದರೂ ಹುಡುಗರು ಮುಂದೆ ಸಾಗುತ್ತಾರೆ. ಕಂಪೈಲರಿಗೆ ಮೇಷ್ಟರೂ ಇಲ್ಲ, ಟೀಕೆಯೂ ಇಲ್ಲ. ಅದಕ್ಕೆ ಅರ್ಧ ಅರ್ಥವಾಗುವುದೆಂಬುದೇ ಇಲ್ಲ. ಯಜಮಾನನಿರುವ ಭಾಷೆಗೆ ಯಜಮಾನನ ಮಾತು ಬೇಕು.

ಬಳಕೆಯೇ ಪಕ್ವತೆ ಎಂಬುದರ ಅಪಾಯ ನನಗೆ ಸ್ವಂತ ಅನುಭವದಿಂದ ಗೊತ್ತು. 2010ರ ಸುಮಾರಿನಲ್ಲಿ ನಾನು ಪೈಥಾನ್ ಭಾಷೆಯ ಎರಡನೆಯ ಆವೃತ್ತಿಯಲ್ಲಿ ಒಂದು ಪುಟ್ಟ ಪ್ರೋಗ್ರಾಮು ಬರೆದೆ. ಪದಗಳಲ್ಲಿರುವ ವರ್ಣಚಿಹ್ನೆಗಳನ್ನೆಣಿಸಿ ಲಘು ಗುರು ಹಾಕುವುದು ಅದರ ಕೆಲಸ. ಕಂದಪದ್ಯದ 64 ಮಾತ್ರೆಗಳು ಕೂಡಿಬಂದಾಗ ಆದ ಸಂತೋಷ ಇನ್ನೂ ನೆನಪಿದೆ. ಆ ಆವೃತ್ತಿಗೆ ಕನ್ನಡವೆಂದರೆ ಅಕ್ಷರವಲ್ಲ, ಬೈಟುಗಳ ಸಾಲು. ಯು.ಟಿ.ಎಫ್.-8 ಎಂಬ ಪದ್ಧತಿಯಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟು. "ಕನ್ನಡ" ಎಂಬ ಪದದಲ್ಲಿ ಕ, ನ, ವಿರಾಮಚಿಹ್ನೆ, ಮತ್ತೊಂದು ನ, ಡ ಹೀಗೆ ಐದು ಚಿಹ್ನೆ. ಉದ್ದ ಕೇಳಿದರೆ 15 ಎನ್ನುತ್ತಿತ್ತು. ನಾನು ಜಾಣತನದಿಂದ 3ರಿಂದ ಭಾಗಿಸಿ 5 ಎಂದು ಪಡೆಯುತ್ತಿದ್ದೆ. ಎಲ್ಲ ಸರಿಯಾಗಿ ನಡೆಯಿತು.

ಆ ಭಾಷೆಗೆ 1.0 ಬಂದು ಆಗಲೇ ಹದಿನೈದು ವರ್ಷ ಮೀರಿತ್ತು. ಅದು 1994ರ ಮಾತು. ಲೋಕವೆಲ್ಲ ಬಳಸುತ್ತಿತ್ತು. ಇನ್ನೇನು ಪಕ್ವತೆ ಬೇಕು? ಆದರೆ 2008ರ ಡಿಸೆಂಬರಿನಲ್ಲೇ ಮೂರನೆಯ ಆವೃತ್ತಿ ಬಂದು, ಹಿಂದಿನದರೊಡನೆ ಹೊಂದಿಕೊಳ್ಳುವುದಿಲ್ಲವೆಂದು ಸಾರಿಯಾಗಿತ್ತು. ಎಲ್ಲರಂತೆ ನಾನೂ ಹಳೆಯದರಲ್ಲೇ ಉಳಿದೆ. ಎರಡನೆಯದರ ಆಯುಸ್ಸು 2015ಕ್ಕೆ ಮುಗಿಯಬೇಕಾಗಿತ್ತು. ಜನ ಕದಲದಿರಲು 2020ಕ್ಕೆ ಮುಂದೂಡಿದರು. ಆ ವರ್ಷದ ಜನವರಿ 1ಕ್ಕೆ ಮುಗಿಯಿತು. ಆಮೇಲೆ ಪ್ರಯೋಗಶಾಲೆಗೆ ಹೊಸ ಯಂತ್ರಗಳು ಬಂದಾಗ ನನ್ನ ಪ್ರೋಗ್ರಾಮು ಮುದ್ರಿಸುವ ಆಜ್ಞೆಯ ಸಾಲಿನಲ್ಲೇ ಎಡವಿ ನಿಂತಿತು. ಹಳೆಯದನ್ನು ಹೊಸದಕ್ಕೆ ಒಗ್ಗಿಸುವ ಸಾಧನವೊಂದಿದೆ. ಅದರಿಂದ ಆ ಸಾಲು ಸರಿಹೋಯಿತು, ಪ್ರೋಗ್ರಾಮು ನಡೆಯಿತು. "ಕನ್ನಡ" ಎಂಬ ಪದದಲ್ಲಿ 1.6666666666666667 ಚಿಹ್ನೆಗಳಿವೆ ಎಂದು ಹೇಳಿತು!

ಕಾರಣ ಸರಳ. ಹೊಸ ಆವೃತ್ತಿಗೆ ಕನ್ನಡ ಬೈಟುಗಳಲ್ಲ, ಚಿಹ್ನೆಗಳೇ. ಉದ್ದ 15 ಅಲ್ಲ, 5. ಅದನ್ನು ನನ್ನ ಜಾಣತನ ಮತ್ತೆ 3ರಿಂದ ಭಾಗಿಸಿತು. ಭಾಗಾಕಾರದ ಅರ್ಥವೂ ಬದಲಾಗಿ, ದಶಮಾಂಶ ಬಾಲ ಬೆಳೆಯಿತು. ತಪ್ಪು ನನ್ನದೇ, ಮುನ್ನೆಚ್ಚರಿಕೆ ಇದ್ದೂ ಕೇಳಲಿಲ್ಲ, ಬರೆಯುವಾಗಲೂ ಕುಯುಕ್ತಿಯಿಂದ ಬರೆದೆ. ಅದಿರಲಿ. ನನ್ನ ವಾದಕ್ಕೆ ಇಲ್ಲಿ ಒಂದು ತೊಡಕಿದೆ, ಅದನ್ನು ಬಚ್ಚಿಡಲಾರೆ: ಆ ಬದಲಾವಣೆ ಕನ್ನಡಕ್ಕೆ ಉಪಕಾರವನ್ನೇ ಮಾಡಿತು. ಮೊದಲು ಕನ್ನಡ ಪಠ್ಯ ಎರಡನೆಯ ದರ್ಜೆಯ ಪ್ರಜೆ. ಈಗ ಇಂಗ್ಲಿಷಿನ ಪಕ್ಕದಲ್ಲೇ ಕುಳಿತಿದೆ. ಅಷ್ಟಾದರೂ ಮೂರು ಅಕ್ಷರದ ಪದವನ್ನು ಐದು ಎನ್ನುವುದು ಒಂದನೆಯ ತರಗತಿಯ ಮಗುವಿಗೆ ನಗೆ ತರಿಸುತ್ತದೆ. ಮೇಲೆ ಹೇಳಿದ ರಾಕು ನ್‌ಕಾರವನ್ನು ಅದರ ವಿರಾಮದೊಡನೆ ಒಂದಾಗಿ ಹಿಡಿದು 4 ಎನ್ನುತ್ತದೆ. ಸತ್ಯಕ್ಕೆ ಎಲ್ಲಕ್ಕಿಂತ ಹತ್ತಿರ ಬಂದ ಭಾಷೆ ತಡವಾಗಿ ಬಂದುದಕ್ಕೆ ನನ್ನ ದುಃಖ ಏಕೆಂದು ವಾಚಕರಿಗೆ ಈಗ ತಿಳಿದಿರಬಹುದು.

ಹಾಗಾದರೆ ಮಾತು ಕೊಟ್ಟವರು ಎಂದೂ ತಿದ್ದಿಕೊಳ್ಳಕೂಡದೇ? ತಪ್ಪನ್ನೂ ಹೊತ್ತು ತಿರುಗಬೇಕೇ? ಸ್ವಲ್ಪ ಮಟ್ಟಿಗೆ, ಹೌದು. ಕನ್ನಡಿಗರಿಗೆ ನಾಟುವ ಒಂದು ನಿದರ್ಶನ ಕೊಡುತ್ತೇನೆ. ಜಗತ್ತಿನ ಲಿಪಿಗಳಿಗೆಲ್ಲ ಸಂಕೇತ ಕೊಡುವ ಯುನಿಕೋಡ್ ಪ್ರಮಾಣದಲ್ಲಿ ನಮ್ಮ ೞಕಾರಕ್ಕೂ ಸ್ಥಾನವಿದೆ. ಅಲ್ಲಿ ಅದಕ್ಕಿಟ್ಟ ಇಂಗ್ಲಿಷ್ ಹೆಸರು 'ಕನ್ನಡ ಲೆಟರ್ ಎಫ್‌ಎ'. ಎಂದರೆ ಫಾದರ್ ಎಂಬಲ್ಲಿಯ ಫಕಾರ! ಯಾರೋ ಎಡವಿ ಇಟ್ಟ ಹೆಸರು. ಅದನ್ನು ಇಂದಿಗೂ ಅಳಿಸಿಲ್ಲ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸುವುದಿಲ್ಲವೆಂಬುದು ಅವರ ಪ್ರತಿಜ್ಞೆ. ಪಕ್ಕದಲ್ಲಿ ಸರಿಯಾದ ಹೆಸರನ್ನು ಅಧಿಕೃತ ಪರ್ಯಾಯವಾಗಿ ಸೇರಿಸಿ ಸುಮ್ಮನಾದರು. ಕನ್ನಡದ ಅಧ್ಯಾಪಕನಾಗಿ ನಾನು ಇದಕ್ಕೆ ಸಿಟ್ಟಾಗಬೇಕು. ಮೊದಮೊದಲು ಆಗಿದ್ದೆ ಕೂಡ. ಈಗ ಅವರು ಮಾಡಿದುದೇ ಸರಿ ಎನಿಸುತ್ತದೆ. ಆ ಹೆಸರನ್ನು ನಂಬಿ ಬರೆದ ಯಾವುದೋ ಒಂದು ಪ್ರೋಗ್ರಾಮು ಎಲ್ಲೋ ನಡೆಯುತ್ತಿರಬಹುದು.

ತಿದ್ದಲೇಬೇಕಾದಾಗ ದಾರಿಗಳಿಲ್ಲದೆ ಇಲ್ಲ. ರಸ್ಟ್ ಭಾಷೆಯವರು 2018, 2021, 2024 ಎಂದು 'ಎಡಿಶನ್'ಗಳನ್ನು ಮಾಡಿದ್ದಾರೆ. ಪ್ರೋಗ್ರಾಮು ತಾನು ಯಾವ ಎಡಿಶನ್ನಿಗೆ ಸೇರಿದುದೆಂದು ಹೇಳಿಕೊಂಡರೆ ಆ ಕಾಲದ ನಿಯಮವೇ ಅದಕ್ಕೆ ಅನ್ವಯ. ಹಳೆಯದೂ ಹೊಸದೂ ಒಂದೇ ಸೂರಿನಡಿ ಬಾಳುತ್ತವೆ. ಗೋ ಭಾಷೆಯವರು 2024ರಲ್ಲಿ ಆವರ್ತನದ ಒಂದು ನಿಯಮವನ್ನು ಬದಲಿಸಿದಾಗಲೂ ಹಳೆಯ ಆವೃತ್ತಿಯನ್ನು ಹೆಸರಿಸಿದ ಪ್ರೋಗ್ರಾಮುಗಳನ್ನು ಮುಟ್ಟಲಿಲ್ಲ. ಅದೂ ಸಾಲದಷ್ಟು ದೊಡ್ಡ ಬದಲಾವಣೆಯಾದರೆ ಬೇರೆ ಹೆಸರಿಡಬೇಕು. ಡೊನಾಲ್ಡ್ ಕನೂತ್ ಅವರ 'ಟೆಕ್' ಎಂಬ ಅಚ್ಚುಜೋಡಣೆಯ ಭಾಷೆಯನ್ನು ನೋಡಿ. 1990ರಲ್ಲಿ ಅವರು, ಇನ್ನು ಇದಕ್ಕೆ ಹೊಸದೇನನ್ನೂ ಸೇರಿಸುವುದಿಲ್ಲ, ದೋಷ ಕಂಡರೆ ತಿದ್ದುತ್ತೇನೆ, ಅಷ್ಟೆ ಎಂದರು. ತಿದ್ದಿದಾಗಲೆಲ್ಲ ಸಂಖ್ಯೆಗೆ ಒಂದು ಅಂಕಿ ಸೇರಿ ಅದು 'ಪೈ' ಬೆಲೆಗೆ ಹತ್ತಿರವಾಗುತ್ತದೆ, 2021ರಲ್ಲಿ 3.141592653 ಆಯಿತು. ತಾವು ತೀರಿಕೊಂಡಮೇಲೆ ಸಂಖ್ಯೆ ಪೈ ಎಂದೇ ಆಗಲಿ, ಉಳಿದ ದೋಷಗಳನ್ನು ಗುಣಗಳೆಂದೇ ತಿಳಿಯಿರಿ ಎಂದಿದ್ದಾರೆ. ಬೇರೆ ಬೇಕಾದವರು ಬೇರೆ ಮಾಡಿಕೊಳ್ಳಲಿ, ಟೆಕ್ ಎಂದು ಮಾತ್ರ ಕರೆಯಬಾರದು. ಹಾಗೆಯೇ ಆಯಿತು. 2004ರಲ್ಲಿ ಜೊನಾಥನ್ ಕ್ಯೂ ಅವರು ಯುನಿಕೋಡನ್ನು ಬಲ್ಲ 'ಝೀಟೆಕ್' ಮಾಡಿದರು. ಅದರಿಂದ ಕನ್ನಡವನ್ನು ಚೆನ್ನಾಗಿ ಜೋಡಿಸಬಹುದು. ಹಳೆಯ ಟೆಕ್ಕಿನಲ್ಲಿ ಬರೆದವರ ಪುಟಗಳು ಇದ್ದಂತೆಯೇ ಇವೆ.

ಪಠ್ಯಕ್ರಮ ಒಮ್ಮೆ ಅಚ್ಚಾದರೆ ವರ್ಷಗಟ್ಟಲೆ ಅದೇ ನಡೆಯುತ್ತದೆ. ಪುಸ್ತಕವನ್ನು ಹಿರಿಯ ವಿದ್ಯಾರ್ಥಿಯಿಂದ ಅರ್ಧ ಬೆಲೆಗೆ ಕೊಂಡು ಓದುವವರೇ ನಮ್ಮಲ್ಲಿ ಹೆಚ್ಚು. ಅಂಥ ಹುಡುಗಿಯೊಬ್ಬಳು ಪುಸ್ತಕದ ಹತ್ತನೆಯ ಪುಟದ ಉದಾಹರಣೆಯನ್ನು ಅಕ್ಷರಶಃ ಟೈಪು ಮಾಡಿ, ಯಂತ್ರ ತಪ್ಪೆಂದು ಹೇಳಿದರೆ, ತಪ್ಪು ಭಾಷೆಯದೆಂದು ಅವಳಿಗೆ ಹೊಳೆಯುವುದಿಲ್ಲ. "ಇದು ನನಗೆ ಹತ್ತುವುದಲ್ಲ" ಎಂದುಕೊಂಡು ಎದ್ದುಹೋಗುತ್ತಾಳೆ. ಅನುಭವವಿರುವ ಎಂಜಿನಿಯರು ಮಾತ್ರ ನಕ್ಕು ತಿದ್ದಿಕೊಳ್ಳುತ್ತಾನೆ. ಅಪಕ್ವ ಭಾಷೆಯ ಖರ್ಚನ್ನು ಕೊಡುವವರು ಯಾರೆಂಬುದನ್ನು ಪಕ್ವತೆಯ ಚರ್ಚೆ ಮಾಡುವವರು ಯೋಚಿಸಿದಂತೆ ಕಾಣುವುದಿಲ್ಲ.

ಮುಂದಿನ ತಿಂಗಳು ಸಮಿತಿ ಮತ್ತೆ ಸೇರುತ್ತದೆ. ಕಿರಿಯ ಮಿತ್ರರು ತಾವು ಹೇಳಿದ ಭಾಷೆಯ ಗುಣಗಳನ್ನು ವಿವರಿಸುವ ಟಿಪ್ಪಣಿಯೊಂದನ್ನು ಹಂಚಿದ್ದಾರೆ. ಗುಣಗಳು ನಿಜವಾಗಿಯೂ ಇವೆ. ಅವರನ್ನು ನಾನು ಒಂದೇ ಪ್ರಶ್ನೆ ಕೇಳಬೇಕೆಂದಿದ್ದೇನೆ: ಇವತ್ತು ನಮ್ಮ ವಿದ್ಯಾರ್ಥಿ ಬರೆದ ಪ್ರೋಗ್ರಾಮು ಐದು ವರ್ಷದ ಮೇಲೂ ನಡೆಯುತ್ತದೆಂದು ಆ ಭಾಷೆಯವರು ಎಲ್ಲಿ ಬರೆದುಕೊಟ್ಟಿದ್ದಾರೆ, ಆ ಪುಟವನ್ನು ತೋರಿಸಿ. ತೋರಿಸಿದರೆ ನನ್ನ ಮತ ಅವರಿಗೇ. ತೋರಿಸದಿದ್ದರೆ ಪೈಥಾನಿನ ಮೂರನೆಯ ಆವೃತ್ತಿಯನ್ನು ಸೂಚಿಸುತ್ತೇನೆ. ಅದು ಒಮ್ಮೆ ಮಾತು ಮುರಿದದ್ದು ನಿಜ. ಆದರೆ ಮುರಿಯುವುದಕ್ಕೆ ಮುಂಚೆ ಹೇಳಿತು, ಹೇಳಿದಮೇಲೆ ಹನ್ನೊಂದು ವರ್ಷ ಕಾದಿತು. ಆ 1.6666666666666667 ಮುದ್ರಿಸಿದ ಹಾಳೆ ನನ್ನ ಮೇಜಿನ ಖಾನೆಯಲ್ಲಿದೆ. ಅದನ್ನೂ ಸಭೆಗೆ ತೆಗೆದುಕೊಂಡು ಹೋಗುತ್ತೇನೆ.